ಹಿತ್ತಾಳೆ ಕೊಳವೆಯಿಂದ ಪಾಲಿಮರ್ ಕ್ಲೇ ಕಳಚದಂತೆ ಮಾಡಿದ ಬಗೆ

ದಾವಣಗೆರೆಯಲ್ಲಿ ಮನೆಯ ಲೇತ್ (ತುಂಡನ್ನು ತಿರುಗಿಸುತ್ತಾ ಕೆತ್ತುವ ಯಂತ್ರ) ಮೇಲೆ ಪೆನ್ನು ಮಾಡುವ ನನಗೆ ಬಹಳ ಕಾಲ ಕಾಡಿದ ತೊಂದರೆಯೆಂದರೆ, ಪೆನ್ನಿನ ಒಡಲೊಳಗೆ ಕೂರುವ 7 ಮಿ.ಮೀ. ಹಿತ್ತಾಳೆ ಕೊಳವೆಗೆ ಸುತ್ತಿ ಬೇಯಿಸಿದ ಪಾಲಿಮರ್ ಕ್ಲೇ ಉಳಿ ತಾಕಿದ ಕೂಡಲೇ ಸಡಿಲಗೊಂಡು, ಕೊಳವೆಯನ್ನು ಬಿಟ್ಟು ಜಾರುತ್ತಿತ್ತು. ಈ ಕ್ಲೇಯ ಮೂಲವಸ್ತು ಮಣ್ಣಲ್ಲ, ಪಿವಿಸಿ ಮತ್ತು ಅದನ್ನು ಮೆದುವಾಗಿಡುವ ಪ್ಲಾಸ್ಟಿಸೈಸರ್. ಬಿಸಿಗೆ ಅದು ಗಟ್ಟಿಯಾಗುತ್ತದೆಯೇ ಹೊರತು ನುಣುಪಾದ ಲೋಹವನ್ನು ಹಿಡಿದುಕೊಳ್ಳುವುದಿಲ್ಲ. ಆದ್ದರಿಂದ ಕೊಳವೆಯನ್ನು ಉಪ್ಪು ಕಾಗದದಿಂದ ಅಡ್ಡಡ್ಡವಾಗಿ ಉಜ್ಜಿ, ಬಡಗಿಗಳು ಬಳಸುವ ಬಿಳಿ ಪಿವಿಎ ಅಂಟನ್ನು ತೆಳ್ಳಗೆ ಸವರಿ, ಅದು ಪೂರ್ತಿ ಒಣಗಿದ ಮೇಲೆಯೇ ಕ್ಲೇ ಸುತ್ತತೊಡಗಿದೆ. ಜಾರುವುದು ನಿಂತಿತು.

ಗುಳ್ಳೆಗಳ ಕಥೆ ಬೇರೆ. ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಹಸಿ ಕ್ಲೇ ಬೆರಳಿಗೆ ಮೆತ್ತಿಕೊಳ್ಳುವಷ್ಟು ಸಡಿಲವಾಗಿ, ಪದರಗಳ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಹಾಳೆಯಂತೆ ಲಟ್ಟಿಸಿದ ಕ್ಲೇಯನ್ನು ಬಿಳಿ ಕಾಗದಗಳ ನಡುವೆ ಕೆಲ ಗಂಟೆ ಒತ್ತಿಟ್ಟರೆ ಹೆಚ್ಚುವರಿ ಪ್ಲಾಸ್ಟಿಸೈಸರ್ ಎಣ್ಣೆಯ ಕಲೆಯಾಗಿ ಕಾಗದಕ್ಕೆ ಇಳಿದು, ಕ್ಲೇ ಹದಕ್ಕೆ ಬರುತ್ತದೆ. ಸುತ್ತಿದ ನಂತರವೂ ಉಬ್ಬು ಕಂಡರೆ ಸೂಜಿಯಿಂದ ಚುಚ್ಚಿ, ಗಾಜಿನ ಮೇಲೆ ಮೆಲ್ಲಗೆ ಹೊರಳಿಸುತ್ತೇನೆ.

ಓವನ್‌ನ ಗುಂಡಿ ತೋರಿಸುವ ಅಂಕಿಯನ್ನು ನಾನು ನಂಬುವುದಿಲ್ಲ. ಒಳಗೆ ಬೇರೆ ಥರ್ಮಾಮೀಟರ್ ಇಟ್ಟು, ಪೊಟ್ಟಣದ ಮೇಲೆ ಹೇಳಿದ ಶಾಖವನ್ನೇ, ಅಂದರೆ ನನ್ನ ಕ್ಲೇಗೆ 130 ಡಿಗ್ರಿ ಸೆಲ್ಸಿಯಸ್ ಅನ್ನು ಕಾಯ್ದುಕೊಳ್ಳುತ್ತೇನೆ. ಮಿತಿ ಮೀರಿ ಸುಟ್ಟರೆ ಪಿವಿಸಿಯಿಂದ ಹೈಡ್ರೋಜನ್ ಕ್ಲೋರೈಡ್‌ನ ಘಾಟು ಹೊಗೆ ಏಳುವುದರಿಂದ, ಅಡುಗೆಯ ಓವನ್ ಅನ್ನು ಇದಕ್ಕೆ ಬಳಸದಿರುವುದೇ ಲೇಸು. ತಣ್ಣಗಾದ ಮೇಲೆ ಹರಿತವಾದ ಉಳಿಯಿಂದ ತೆಳುವಾಗಿ ಕೆತ್ತಿ, ಘರ್ಷಣೆಯ ಬಿಸಿ ಏರದಂತೆ ನೀರು ಹಾಕಿ ಉಜ್ಜಿದರೆ ಹೊಳಪು ತಾನಾಗಿ ಬರುತ್ತದೆ.