ಪೇಪರ್ ಕಪ್ ಕಾಫಿಗೆ ಸ್ಟೀಲ್ ಲೋಟ

ಪೇಪರ್ ಕಪ್ ಅಂದರೆ ಬರೀ ಕಾಗದ ಅಂದುಕೊಂಡಿದ್ದೀರಾ? ಒಳಗೆ ಬೆರಳಾಡಿಸಿ ನೋಡಿ, ನುಣ್ಣಗಿರುತ್ತದೆ. ಅದು ಪ್ಲಾಸ್ಟಿಕ್ ಪದರ. ಖರಗ್‌ಪುರ ಐಐಟಿಯವರು ಇಂಥ ಕಪ್‌ಗಳಿಗೆ 85-90 ಡಿಗ್ರಿ ಬಿಸಿಯಿರುವ 100 ಎಂಎಲ್ ನೀರು ಹಾಕಿ 15 ನಿಮಿಷ ಬಿಟ್ಟರು. ಸುಮಾರು 25,000 ಪ್ಲಾಸ್ಟಿಕ್ ಕಣಗಳು ನೀರಿಗೆ ಸೇರಿದ್ದವು! ಇವು ಮೈಗೆ ಎಷ್ಟು ಕೆಡುಕು ಅನ್ನುವುದು ಇನ್ನೂ ಪೂರ್ತಿ ಗೊತ್ತಾಗಿಲ್ಲ. ಹಾಗಂತ ಸುಮ್ನೆ ಯಾಕೆ ಕುಡಿಯಬೇಕು, ಅಲ್ವಾ?

ನಾನು ಬ್ಯಾಗಿನಲ್ಲಿ ಸ್ಟೀಲ್ ಲೋಟ ಇಟ್ಟುಕೊಂಡಿದ್ದೇನೆ. ಟೀ ಅಂಗಡಿಯವರು ಮೊದಲ ದಿನ ನಕ್ಕರು. ಈಗ ನನ್ನನ್ನು ಕಂಡರೆ ಲೋಟಕ್ಕೆ ಅವರೇ ಕೈ ಚಾಚುತ್ತಾರೆ. ಪಾರ್ಸೆಲ್ ಸಾಂಬಾರಿಗೂ ಡಬ್ಬಿ ಒಯ್ಯಿರಿ. ಆ ಕವರಿನ ಗಂಟು ಬಿಚ್ಚುವ ಒದ್ದಾಟವೂ ತಪ್ಪುತ್ತದೆ. ಲೋಟ ಮರೆತ ದಿನ ಕಪ್ಪಿನಲ್ಲಿ ಜಾಸ್ತಿ ಹೊತ್ತು ಬಿಡದೆ ಕುಡಿದುಬಿಡಿ.