ಫ್ರಾಂಕ್‌ಫರ್ಟ್‌ನಿಂದ ಲಿಸ್ಬನ್‌ಗೆ ಎಷ್ಟು ದೂರ, ಎಷ್ಟು ತಾಸು: ಮನೆಯಲ್ಲೇ ಲೆಕ್ಕ ಹಾಕುವ ಬಗೆ

ಜರ್ಮನಿಯಲ್ಲಿ ಓದುವ ಮಗಳು ರಜೆಗೆಂದು ಪೋರ್ಚುಗಲ್‌ಗೆ ಹೊರಟಾಗ, ದಾವಣಗೆರೆಯ ನಮ್ಮ ನೆರೆಮನೆಯ ಯಜಮಾನರು ಅವಳ ಟಿಕೆಟ್ ನೋಡಿ, ಹತ್ತು ಗಂಟೆಗೆ ಹೊರಟು ಹನ್ನೆರಡಕ್ಕೆ ಇಳಿಯುವುದಾದರೆ ಎರಡೇ ತಾಸಿನ ಹಾದಿಯೆಂದು ಎಣಿಸಿದರು. ಮೂರು ತಾಸು ಕಳೆದರೂ ಫೋನ್ ಬಾರದೆ ಗಾಬರಿಗೊಂಡರು. ಟಿಕೆಟ್‌ನಲ್ಲಿ ಹೊರಡುವ ಹೊತ್ತನ್ನು ಹೊರಡುವ ಊರಿನ ಗಡಿಯಾರಕ್ಕೂ, ಇಳಿಯುವ ಹೊತ್ತನ್ನು ಇಳಿಯುವ ಊರಿನ ಗಡಿಯಾರಕ್ಕೂ ಹೊಂದಿಸಿ ಮುದ್ರಿಸಿರುತ್ತಾರೆ. ಜರ್ಮನಿಗಿಂತ ಪೋರ್ಚುಗಲ್ ವರ್ಷವಿಡೀ ಒಂದು ತಾಸು ಹಿಂದಿರುವುದರಿಂದ, ಆ ಒಂದು ತಾಸನ್ನು ಕೂಡಿಸಿದ ಮೇಲಷ್ಟೇ ನಿಜವಾದ ಪ್ರಯಾಣದ ಅವಧಿ ಸಿಗುತ್ತದೆ. ಗಡಿಯಾರದ ಹೊತ್ತಿಗೆ ಗಂಟೆ, ಅವಧಿಗೆ ತಾಸು ಎನ್ನುವ ನಮ್ಮ ಕಡೆಯ ರೂಢಿ ಇಂಥ ಲೆಕ್ಕಕ್ಕೆ ಬಹಳ ಅನುಕೂಲ.

ಈ ಅವಧಿಯನ್ನು ದೂರದಿಂದಲೂ ತಾಳೆ ನೋಡಬಹುದು. ಮೊದಲು ನಿಲ್ದಾಣದ ಮೂರಕ್ಷರದ ಸಂಕೇತವನ್ನು ಗಮನಿಸಬೇಕು: ಎಫ್‌ಆರ್‌ಎ ಎಂದರೆ ಫ್ರಾಂಕ್‌ಫರ್ಟ್ ನಗರದ ದೊಡ್ಡ ನಿಲ್ದಾಣ, ಎಚ್‌ಎಚ್‌ಎನ್ ಎಂಬ ಹಾನ್ ನಿಲ್ದಾಣ ಹೆಸರಿನಲ್ಲಿ ಫ್ರಾಂಕ್‌ಫರ್ಟ್ ಹೊತ್ತಿದ್ದರೂ ನಗರದಿಂದ ನೂರು ಕಿ.ಮೀ.ಗೂ ಆಚೆಗಿದೆ.

ಬಳಿಕ ಮಕ್ಕಳ ಭೂಗೋಳವೊಂದನ್ನು ತೆಗೆದುಕೊಂಡು ಎರಡೂ ಊರುಗಳ ನಡುವೆ ಹೊಲಿಗೆ ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ಗೋಡೆಯ ನಕ್ಷೆ ಬೇಡ, ಉತ್ತರಕ್ಕೆ ಹೋದಂತೆ ಅದು ನೆಲವನ್ನು ಹಿಗ್ಗಿಸಿ ತೋರಿಸುತ್ತದೆ. ಗೋಳದ ವ್ಯಾಸ 30 ಸೆಂ.ಮೀ. ಇದ್ದರೆ ಸುತ್ತಳತೆ ಸುಮಾರು 94 ಸೆಂ.ಮೀ.; ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಆದ್ದರಿಂದ ದಾರದ ಒಂದು ಸೆಂ.ಮೀ. ಸುಮಾರು 425 ಕಿ.ಮೀ.ಗೆ ಸಮ. ನಮ್ಮ ದಾರ 4.4 ಸೆಂ.ಮೀ. ಬರುತ್ತದೆ, ಅಂದರೆ ಸುಮಾರು 1,870 ಕಿ.ಮೀ.: ದಾವಣಗೆರೆಯಿಂದ ಬೆಂಗಳೂರಿಗಿರುವ ರಸ್ತೆಯ ಏಳು ಪಟ್ಟು. ಗೋಳವಿಲ್ಲದವರು ಕಂಪ್ಯೂಟರಿನಲ್ಲಿ ಗೂಗಲ್ ಮ್ಯಾಪ್ಸ್‌ನ ದೂರ ಅಳೆಯುವ ಸೌಲಭ್ಯ ಬಳಸಬಹುದು.

ವಿಮಾನ ತಾಸಿಗೆ ಸುಮಾರು 800 ಕಿ.ಮೀ. ಹಾರುತ್ತದೆಂದು ಎಣಿಸಿ ದೂರವನ್ನು 800ರಿಂದ ಭಾಗಿಸಿ, ರನ್‌ವೇವರೆಗಿನ ಓಡಾಟಕ್ಕೂ ಏರಿಳಿತಕ್ಕೂ ಅರ್ಧ ತಾಸು ಸೇರಿಸಿದರೆ ಎರಡು ತಾಸು ಐವತ್ತು ನಿಮಿಷವಾಗುತ್ತದೆ. ವೇಳಾಪಟ್ಟಿಯಲ್ಲಿ ಇದು ಮೂರು ತಾಸಿನ ಆಸುಪಾಸಿನಲ್ಲಿರುತ್ತದೆ, ಏಕೆಂದರೆ ವಿಮಾನಗಳು ದಾರದಷ್ಟು ನೇರವಾಗಿ ಹಾರುವುದಿಲ್ಲ. ಅಲ್ಲದೆ ಯುರೋಪಿನ ಮೇಲೆ ಎತ್ತರದ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದರಿಂದ ಲಿಸ್ಬನ್‌ಗೆ ಹೋಗುವಾಗ ಎದುರುಗಾಳಿ, ಮರಳುವಾಗ ಬೆನ್ನಗಾಳಿ.

ಇನ್ನು ನಮ್ಮ ಗಡಿಯಾರ. ಮಾರ್ಚ್‌ನ ಕೊನೆಯ ಭಾನುವಾರದಿಂದ ಅಕ್ಟೋಬರ್‌ನ ಕೊನೆಯ ಭಾನುವಾರದವರೆಗೆ ಜರ್ಮನಿ ನಮಗಿಂತ ಮೂರೂವರೆ ತಾಸು ಹಿಂದೆ, ಉಳಿದ ತಿಂಗಳುಗಳಲ್ಲಿ ನಾಲ್ಕೂವರೆ. ಬೇಸಿಗೆಯಲ್ಲಿ ಅಲ್ಲಿ ಬೆಳಿಗ್ಗೆ ಹತ್ತಕ್ಕೆ ಹೊರಟರೆ ಇಲ್ಲಿ ಮಧ್ಯಾಹ್ನ ಒಂದೂವರೆ, ಇಳಿಯುವಾಗ ನಾಲ್ಕೂವರೆ. ಲಗೇಜು ಕೈಸೇರುವ ಹೊತ್ತನ್ನೂ ಸೇರಿಸಿಕೊಂಡು, ಸಂಜೆ ಐದೂಕಾಲರವರೆಗೆ ಫೋನಿಗಾಗಿ ಕಾಯದಿರುವುದು ಒಳ್ಳೆಯದು, ಚಳಿಗಾಲವಾದರೆ ಆರೂಕಾಲರವರೆಗೆ.