ಮುಸ್ಸಂಜೆ ಬೆಳಕಿನಲ್ಲಿ ಹಾಲಕ್ಕಿಯ ಚಿತ್ರ ತೆಗೆಯುವುದು ಹೇಗೆ?

ಗೂಬೆಯ ಚಿತ್ರ ತೆಗೆಯುವ ಆಸೆ ಇದ್ದವರು ಹಾಲಕ್ಕಿಯಿಂದ ಶುರು ಮಾಡಿ. ಬುಡಬುಡಿಕೆಯವರು ನಸುಕಿನಲ್ಲಿ ಬಾಗಿಲಿಗೆ ಬಂದು ‘ಹಾಲಕ್ಕಿ ನುಡೀತೈತೆ’ ಅನ್ನುತ್ತಾರಲ್ಲ, ಅದೇ ಹಕ್ಕಿ. ಗೇಣುದ್ದದ ಮೈ, ಬೂದುಗಂದು ಬಣ್ಣದ ಮೇಲೆ ಬಿಳಿ ಚುಕ್ಕೆ, ಹಳದಿ ಕಣ್ಣು. ಇದಕ್ಕಾಗಿ ಕಾಡು ಹೊಕ್ಕಬೇಕಿಲ್ಲ. ಊರಂಚಿನ ಹುಣಸೆಯೋ ಆಲವೋ, ಪೊಟರೆ ಇರುವ ಒಂದು ಹಳೆಯ ಮರ ಸಾಕು. ಜೋಡಿಯಾಗಿ, ಕೆಲವೊಮ್ಮೆ ಮೂರ್ನಾಲ್ಕು ಒಟ್ಟಿಗೇ ಇರುತ್ತವೆ. ಎಲ್ಲಕ್ಕಿಂತ ಅನುಕೂಲದ ಸಂಗತಿ ಎಂದರೆ, ಪೂರ್ತಿ ಕತ್ತಲಾಗುವ ಮೊದಲೇ ಹೊರಗೆ ಬಂದು ಕೂರುತ್ತವೆ. ನಮ್ಮ ಕಡೆ ಸೂರ್ಯ ಮುಳುಗಿದ 20–25 ನಿಮಿಷಕ್ಕೆ ಕತ್ತಲು ಕವಿದುಬಿಡುತ್ತದೆ. ನಿಮ್ಮ ಕೆಲಸವೆಲ್ಲ ಅಷ್ಟರೊಳಗೆ ಮುಗಿಯಬೇಕು. ಈ ಹೊತ್ತಿನ ಚಿತ್ರಗಳು ಹೆಚ್ಚಾಗಿ ಕೆಡುವುದು ತಡವಾಗಿ ಹೋಗುವುದರಿಂದ.

ಮೊದಲು ಮರ ಹುಡುಕಿ

ಮೊದಲ ದಿನ ಕ್ಯಾಮೆರಾ ಮನೆಯಲ್ಲೇ ಇರಲಿ. ಹಗಲಲ್ಲಿ ಮರದ ಬುಡ ನೋಡಿ. ಸುಣ್ಣ ಎರಚಿದಂತೆ ಬಿಳಿ ಹಿಕ್ಕೆ ಬಿದ್ದಿದೆಯೇ? ಹತ್ತಿರದಲ್ಲಿ ಹೆಬ್ಬೆರಳ ತುದಿಯಷ್ಟು ದಪ್ಪದ ಬೂದು ಉಂಡೆ ಸಿಕ್ಕರೆ ಗೂಬೆ ಇದೆ ಎಂದೇ ಲೆಕ್ಕ. ಜೀರ್ಣವಾಗದ್ದನ್ನು ಅದು ಹೀಗೆ ಉಂಡೆ ಮಾಡಿ ಉಗುಳುತ್ತದೆ. ಒಂದು ಉಂಡೆಯನ್ನು ನೀರಿನಲ್ಲಿ ನೆನೆಸಿ ಕಡ್ಡಿಯಿಂದ ಬಿಡಿಸಿ ನೋಡಿ: ಇಲಿಯ ದವಡೆ ಹಲ್ಲಿನ ಸಮೇತ ಬರುತ್ತದೆ, ಜೀರುಂಡೆಯ ಮಿರುಗುವ ಚಿಪ್ಪು ಬರುತ್ತದೆ. ನಾನು ಮೊದಲ ಸಲ ಹೀಗೆ ಬಿಡಿಸಿದ ದಿನದಿಂದ ಗೂಬೆಯನ್ನು ಅಪಶಕುನ ಅನ್ನುವವರ ಜೊತೆ ವಾದಕ್ಕೆ ಇಳಿಯುವುದಿಲ್ಲ, ಆ ಹಲ್ಲುಗಳನ್ನೇ ಅಂಗೈಯಲ್ಲಿಟ್ಟು ತೋರಿಸುತ್ತೇನೆ. ಹೊಲದವನಿಗೆ ಅದರ ಅರ್ಥ ತಕ್ಷಣ ಆಗುತ್ತದೆ.

ಕಾಜಾಣ, ಪಿಕಳಾರ, ಅಳಿಲು ಸೇರಿಕೊಂಡು ಒಂದೇ ಕೊಂಬೆಯತ್ತ ಗಲಾಟೆ ಮಾಡುತ್ತಿದ್ದರೆ ಅಲ್ಲೂ ಒಮ್ಮೆ ನೋಡಿ.

ಪೊಟರೆ ಸಿಕ್ಕ ಮೇಲೆ ದಿಕ್ಕು ಗೊತ್ತುಮಾಡಿಕೊಳ್ಳಿ. ಸೂರ್ಯ ಮುಳುಗಿದ ಮೇಲೂ ಪಡುವಣದ ಆಕಾಶದಲ್ಲಿ ಬೆಳಕು ಉಳಿದಿರುತ್ತದೆ. ಪಡುವಣಕ್ಕೆ ಬೆನ್ನು ಮಾಡಿ ಕೂತರೆ ಆ ಬೆಳಕು ಹಕ್ಕಿಯ ಮುಖದ ಮೇಲೆ ಬೀಳುತ್ತದೆ. ಎದುರು ಕೂತರೆ ಸಿಗುವುದು ನೆರಳಿನಾಕೃತಿ. ಅದೂ ಚೆನ್ನ, ಆದರೆ ಕಣ್ಣು ಕಾಣುವುದಿಲ್ಲ.

ನವೆಂಬರ್‌ನಿಂದ ಏಪ್ರಿಲ್‌ವರೆಗೆ ಹೆಚ್ಚಾಗಿ ಮರಿ ಮಾಡುವ ಕಾಲ. ಬೇಟೆ ಕಚ್ಚಿಕೊಂಡು ಪೊಟರೆಗೆ ಹೋಗಿ ಬರುವುದು ಕಂಡರೆ ಇನ್ನಷ್ಟು ದೂರ ಸರಿಯಿರಿ, ಇಲ್ಲವೇ ಬೇರೆ ಮರ ನೋಡಿಕೊಳ್ಳಿ.

ಕೂರುವುದು

ಸೂರ್ಯ ಮುಳುಗುವುದಕ್ಕೆ ಮುಕ್ಕಾಲು ಗಂಟೆ ಮೊದಲೇ ಹೋಗಿ ಕೂತುಬಿಡಿ. ಮರದಿಂದ ಹದಿನೈದಿಪ್ಪತ್ತು ಮೀಟರ್ ದೂರ ಇರಲಿ. ಹಕ್ಕಿ ಹೊರಬಂದ ಮೇಲೆ ನಡೆದುಹೋಗಿ ಟ್ರೈಪಾಡ್ ಬಿಡಿಸಿದರೆ ಆ ಸಂಜೆ ಮುಗಿದಂತೆ. ನೀವು ಮೊದಲೇ ಇದ್ದರೆ ನಿಮ್ಮನ್ನೂ ಒಂದು ಮೋಟುಮರದಂತೆ ಒಪ್ಪಿಕೊಳ್ಳುತ್ತದೆ.

ಟ್ರೈಪಾಡಿನ ಕಾಲು ಅಗಲಿಸಿ ಊರಿ. ನಡುವಿನ ಕಂಬ ಮೇಲೆತ್ತಬೇಡಿ, ಅದುರುತ್ತದೆ. ನಾನು ಒಂದು ಇಡೀ ಬೇಸಿಗೆ ಆ ಕಂಬ ಎತ್ತಿಕೊಂಡೇ ತೆಗೆದೆ, ಒಂದು ಚಿತ್ರದಲ್ಲೂ ಹಕ್ಕಿಯ ಹುಬ್ಬಿನ ಬಿಳಿ ಗೆರೆ ಸ್ಪಷ್ಟವಾಗಿ ಬರಲಿಲ್ಲ. ಎತ್ತರ ಬೇಕಾದರೆ ಕಾಲುಗಳನ್ನೇ ಉದ್ದ ಮಾಡಿ, ಕೊಕ್ಕೆಗೆ ಬ್ಯಾಗ್ ತೂಗುಹಾಕಿ. ರಸ್ತೆ ಬದಿಯ ಮರವಾದರೆ ಕಾರಿನ ಕಿಟಕಿ ಮೇಲೆ ಹುರುಳಿ ತುಂಬಿದ ಬಟ್ಟೆ ಚೀಲ ಇಟ್ಟು ಲೆನ್ಸನ್ನು ಅದರ ಮೇಲೆ ಒತ್ತಿ ಕೂರಿಸಿ, ಎಂಜಿನ್ ಆರಿಸಿ.

ಕ್ಯಾಮೆರಾ ಹೊಂದಿಸುವುದು

ಲೆನ್ಸ್‌ನ ಬಾಯಿ ಎಷ್ಟು ಅಗಲವಾಗುತ್ತದೋ ಅಷ್ಟಕ್ಕೆ ಇಡಿ. ಎಫ್ ಸಂಖ್ಯೆ ಕಿರಿದಾದಷ್ಟೂ ಬಾಯಿ ಅಗಲ: ಎಫ್ 4ರ ಲೆನ್ಸ್ ಎಫ್ 6.3ಕ್ಕಿಂತ ಸುಮಾರು ಎರಡೂವರೆ ಪಟ್ಟು ಬೆಳಕು ಒಳಬಿಡುತ್ತದೆ. ಹಾಗಾಗಿ ಉದ್ದದ ಜೂಮ್‌ಗಿಂತ ಅಗಲ ಬಾಯಿಯ 300 ಎಂಎಂ ಲೆನ್ಸ್ ಈ ಹೊತ್ತಿನಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಇಲ್ಲವಾದರೆ ಇರುವುದರಲ್ಲೇ ತೆಗೆಯಿರಿ.

ಕೂತ ಗೂಬೆಗೆ ಶಟರ್ 1/60 ಸೆಕೆಂಡು ತೆರೆದಿದ್ದರೆ ಸಾಕು. ಟ್ರೈಪಾಡ್ ಗಟ್ಟಿಯಾಗಿದ್ದರೆ 1/30ಕ್ಕೂ ಇಳಿಯಬಹುದು. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟವನ್ನು 1600ರಿಂದ ಶುರು ಮಾಡಿ, ಬೆಳಕು ಇಳಿದಂತೆ 3200, 6400ಕ್ಕೆ ಏರಿಸಿ, ಹೆದರಬೇಡಿ. ಕಪ್ಪಗೆ ತೆಗೆದು ಮನೆಯಲ್ಲಿ ಬೆಳಗಿಸಿಕೊಳ್ಳೋಣ ಎಂದುಕೊಂಡರೆ ನೆರಳಿನ ಜಾಗವೆಲ್ಲ ಕಾಳುಕಾಳಾಗುತ್ತದೆ. ಸ್ವಲ್ಪ ಬೆಳ್ಳಗೆ ತೆಗೆದು ಆಮೇಲೆ ಕಪ್ಪು ಮಾಡುವುದೇ ವಾಸಿ. ಹಿಂದೆ ಆಕಾಶ ಇದ್ದರೆ ಬೆಳಕು ಅಳೆಯುವ ಮೀಟರ್ ಮೋಸ ಹೋಗಿ ಹಕ್ಕಿ ಕಪ್ಪಾಗುತ್ತದೆ, ಎಕ್ಸ್‌ಪೋಷರನ್ನು ಪ್ಲಸ್ ಒಂದಕ್ಕೆ ಏರಿಸಿ. ಕ್ಯಾಮೆರಾ ತಿದ್ದದೆ ಉಳಿಸುವ ರಾ ಫೈಲ್‌ನಲ್ಲೇ ತೆಗೆಯಿರಿ. ಬಣ್ಣದ ಛಾಯೆ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಬಿಸಿಲಿನ ಗುರುತಿಗೆ ಇಟ್ಟರೆ ಮುಸ್ಸಂಜೆಯ ನೀಲಿ ಹಾಗೇ ಉಳಿಯುತ್ತದೆ.

ಫೋಕಸ್‌ಗೆ ಒಂದೇ ಬಿಂದು ಆರಿಸಿ, ಕಣ್ಣಿನ ಹಳದಿ ಕಪ್ಪಿಗೆ ಸೇರುವ ಅಂಚಿನಲ್ಲಿ ಇಡಿ. ಮಂದ ಬೆಳಕಿನಲ್ಲೂ ಅಲ್ಲೊಂದು ಗೆರೆ ಉಳಿದಿರುತ್ತದೆ. ಫೋಕಸ್‌ಗೆಂದು ಕ್ಯಾಮೆರಾ ತಾನಾಗಿ ಹೊತ್ತಿಸುವ ಪುಟ್ಟ ದೀಪವಿದೆಯಲ್ಲ, ಅದನ್ನು ಮೆನುವಿನಲ್ಲಿ ಹುಡುಕಿ ಆಫ್ ಮಾಡಿಬಿಡಿ. ಹಿಂಬದಿಯ ಪರದೆಯ ಬೆಳಕನ್ನೂ ಇಳಿಸಿ, ಇಲ್ಲವಾದರೆ ಕಪ್ಪಾದ ಚಿತ್ರವೂ ಅದರಲ್ಲಿ ಸರಿಯಾಗಿಯೇ ಕಾಣುತ್ತದೆ.

ಒತ್ತುವ ಗಳಿಗೆ

ಗೂಬೆಯ ಕಣ್ಣುಗುಡ್ಡೆ ಗೂಡಿನೊಳಗೆ ತಿರುಗುವುದಿಲ್ಲ, ಏನು ನೋಡಬೇಕಾದರೂ ತಲೆಯನ್ನೇ ತಿರುಗಿಸಬೇಕು. ಹಾಲಕ್ಕಿಯಂತೂ ಹೊಸದೇನು ಕಂಡರೂ ತಲೆಯನ್ನು ಕೆಳಗೆ, ಪಕ್ಕಕ್ಕೆ, ಮೇಲಕ್ಕೆ ಆಡಿಸುತ್ತದೆ. ಅದು ದೂರ ಅಳೆಯುವ ರೀತಿ. ಆಗ ಒತ್ತಿದರೆ ಮುಖ ಕಲಸಿಹೋಗುತ್ತದೆ. ಕಾಯಿರಿ. ಅಳೆದು ಮುಗಿದ ಮೇಲೆ ಒಂದೆರಡು ಸೆಕೆಂಡು ಕಲ್ಲಿನಂತೆ ನಿಲ್ಲುತ್ತದೆ. ಆಗ ಉಸಿರು ಹಿಡಿದು ಎಂಟು ಹತ್ತು ಚಿತ್ರ ಒಂದೇ ಸಮನೆ ತೆಗೆಯಿರಿ. ಬೆರಳು ಒತ್ತಿದ ಅದುರು ಮೊದಲ ಚಿತ್ರದಲ್ಲಿ ಇರುತ್ತದೆ, ನಡುವಿನವು ಚೂಪಾಗಿ ಬರುತ್ತವೆ. ಹಾರುವ ಚಿತ್ರದ ಆಸೆಯನ್ನು ಆ ಹೊತ್ತಿಗೆ ಬಿಟ್ಟುಬಿಡಿ, ಅದಕ್ಕೆ ಬೇಕಾದಷ್ಟು ಬೆಳಕು ಅಲ್ಲಿಲ್ಲ.

ಮಾಡಬಾರದ್ದು

ಟಾರ್ಚ್ ಬೇಡ, ಫ್ಲ್ಯಾಶ್ ಬೇಡ. ನಸುಬೆಳಕನ್ನೂ ಹೀರುವ ಕಣ್ಣು ಅದು, ಬೇಟೆಗೆ ಹೊರಡುವ ಹೊತ್ತಿನಲ್ಲಿ ಅದನ್ನು ಕುಕ್ಕಿಸಬಾರದು. ಮೊಬೈಲಿನಲ್ಲಿ ಕೂಗು ಹಾಕಿ ಕರೆಯುವುದು, ಇಲಿ ಕಟ್ಟಿ ಸೆಳೆಯುವುದು ಕೂಡದು. ಹಕ್ಕಿ ಮೈ ಸಣ್ಣಗೆ ಮಾಡಿ ನೆಟ್ಟಗೆ ನಿಂತಿದ್ದರೆ, ಕಣ್ಣನ್ನು ಸೀಳಿನಷ್ಟು ಕಿರಿದು ಮಾಡಿದ್ದರೆ ಅದಕ್ಕೆ ನಿಮ್ಮ ಭಯ ಹತ್ತಿದೆ. ಹಿಂದೆ ಸರಿಯಿರಿ.

ಚಿತ್ರ ಹಂಚಿಕೊಳ್ಳುವಾಗ ಮರ ಎಲ್ಲಿದೆ ಎಂದು ಬರೆಯಬೇಡಿ, ಫೈಲಿನೊಳಗಿನ ಜಿಪಿಎಸ್ ಗುರುತನ್ನೂ ಅಳಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದ್ದರೂ ಮಾಟಮಂತ್ರದ ಹೆಸರಿನಲ್ಲಿ ಗೂಬೆಗಳನ್ನು ಹಿಡಿದು ಮಾರುವವರಿದ್ದಾರೆ, ದೀಪಾವಳಿ ಹತ್ತಿರ ಬಂದಾಗಲಂತೂ ಬೇಡಿಕೆ ಹೆಚ್ಚು. ಹಂಪಿ, ದರೋಜಿ ಕಡೆಯ ಬಂಡೆಗಳಲ್ಲಿರುವ ಕೊಂಬಿನ ಗೂಬೆಯ ವಿಷಯದಲ್ಲಿ ಈ ಎಚ್ಚರ ಎರಡು ಪಟ್ಟು ಇರಲಿ. ಅದು ಬರಿಯ ನೆಲದ ಮೇಲೆ, ಬಂಡೆಯ ಸಂದಿನಲ್ಲಿ ಮೊಟ್ಟೆ ಇಡುತ್ತದೆ, ಕೈಗೆ ಸುಲಭವಾಗಿ ಸಿಗುತ್ತದೆ.

ಫೋಕಸ್ ಹಿಡಿಯದಷ್ಟು ಕತ್ತಲಾದ ಮೇಲೆ ಕ್ಯಾಮೆರಾ ಮುಚ್ಚಿ, ಆದರೆ ತಕ್ಷಣ ಎದ್ದು ಹೊರಡಬೇಡಿ. ಹಕ್ಕಿಗಳು ಒಂದೊಂದಾಗಿ ಕೊಂಬೆ ಬಿಟ್ಟು ಹೊಲದ ಕಡೆ ಹೋಗಲಿ. ‘ಚಿರ್ರ್ ಚಿರ್ರ್’ ದೂರದಿಂದ ಕೇಳತೊಡಗಿದ ಮೇಲೆ ಟಾರ್ಚನ್ನು ನಿಮ್ಮ ಕಾಲ ಬಳಿಗಷ್ಟೇ ಹಿಡಿದು, ಹಾವು ಹುಳ ನೋಡಿಕೊಂಡು ಬನ್ನಿ.